ಕೋಷ್ಟಕದ ಕೊನೆಯ ಸಾಲು

ಅವರ ಎಡಗೈ ತೋರುಬೆರಳಿನ ಮೇಲೆ ಎರಡು ನೀಲಿ ಗೆರೆಗಳಿರುತ್ತಿದ್ದವು. ಒಂದು ಉಗುರಿನ ಬುಡದಲ್ಲಿ, ಇನ್ನೊಂದು ನಡುಗಿಣ್ಣಿನ ಹಿಂದೆ. ಎರಡರ ನಡುವೆ ಸರಿಯಾಗಿ ಐದು ಸೆಂಟಿಮೀಟರ್, ಎಲ್ಲಿ ಬೇಕಾದರೂ ಬೆರಳಿಟ್ಟು ಅಳೆಯಲು. ಸ್ನಾನದಲ್ಲಿ ಮಾಸಿಹೋಗುತ್ತಿದ್ದುದರಿಂದ ದಿನಾ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಪೆನ್ನಿನಿಂದಲೇ, ನನ್ನ ಮೇಜಿನ ಮೇಲಿನ ಅಡಿಪಟ್ಟಿ ಎಳೆದುಕೊಂಡು, ಆ ಗೆರೆಗಳನ್ನು ಮತ್ತೆ ಬರೆದುಕೊಳ್ಳುತ್ತಿದ್ದರು. ಹಿಂದೆ ನಿಂತ ಶಿಕ್ಷಕರು ಕಾಯಬೇಕಾಗುತ್ತಿತ್ತು.

"ಮೇಷ್ಟ್ರೇ, ಸಹಿ ಆದ್ರೆ ಜಾಗ ಬಿಡಿ" ಎಂದು ನಾನು ಹೇಳಬೇಕು.

"ಬಿಟ್ಟೆ ನೋಡ್ರಿ ಬಾಯಾರ. ಇನ್ನೊಂದ್ ಗೆರಿ" ಎಂದು ಅವರು ಹೇಳಬೇಕು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಅಲ್ಲಾಳಸಂದ್ರದ ಹತ್ತಿರದ ಒಂದು ಅನುದಾನಿತ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಅವರು ಗಣಿತದ ಮೇಷ್ಟ್ರು. ಬಾಗಲಕೋಟೆ ಕಡೆಯವರು. ಬೆಂಗಳೂರಿಗೆ ಬಂದು ಅಷ್ಟು ವರ್ಷವಾದರೂ ಮಾತು ಬದಲಾಗಿರಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ನಾನು ಮೇಡಂ, ಅವರೊಬ್ಬರಿಗೆ ಬಾಯಾರು. ಮಕ್ಕಳು ಅವರ ಬೆನ್ನ ಹಿಂದೆ "ಐತ್ರಿ, ಹೌದ್ರಿ" ಎಂದು ಅಣಕಿಸುತ್ತಿದ್ದರು. ಅವರಿಗೆ ಕೇಳಿಸುತ್ತಿತ್ತು. "ಸುಮಾರೈತಿ. ಇನ್ನೂ ಸ್ವಲ್ಪ ಬಾಯಿ ಅಗಲ ಮಾಡ್ರೋ" ಎಂದು ತಿದ್ದುತ್ತಿದ್ದರು.

ನಾನು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವಳು. ಐದನೆಯ ವಯಸ್ಸಿನಿಂದ ಹಾಗೆ. ವೇಳಾಪಟ್ಟಿ ಇದ್ದರೆ ನನಗೆ ಧೈರ್ಯ. ಆ ಮೇಷ್ಟ್ರು ವೇಳಾಪಟ್ಟಿಗೆ ಸಿಕ್ಕುವವರಲ್ಲ. ಗಣಿತದ ಅವಧಿಯಲ್ಲಿ ತರಗತಿ ಖಾಲಿ ಇದ್ದರೆ ಮಕ್ಕಳು ನೀರಿನ ಟ್ಯಾಂಕಿನ ನೆರಳು ಅಳೆಯುತ್ತಿರುತ್ತಿದ್ದರು, ಇಲ್ಲವೇ ಬಿಸಿಯೂಟದ ಪಾತ್ರೆಯೊಳಗೆ ಕೋಲಿಳಿಸಿ ಗಾತ್ರ ಹಾಕುತ್ತಿರುತ್ತಿದ್ದರು. ಒಂದು ಸಲ ಅಡುಗೆಯ ಹೆಂಗಸು ಸೌಟು ಹಿಡಿದು ಎಲ್ಲರನ್ನೂ ಓಡಿಸಿದಳು. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನಗಳ ಪ್ರದರ್ಶನವಾದಾಗ ನಾವೆಲ್ಲ ಸದ್ದಿಗೆ ಕಿಟಕಿ ಮುಚ್ಚಿ ಪಾಠ ಮಾಡಿದರೆ, ಅವರು ಇಡೀ ಎಂಟನೆಯ ತರಗತಿಯನ್ನು ಅಂಗಳಕ್ಕೆ ಕರೆದು ತಲೆಯೆತ್ತಿ ನಿಲ್ಲಿಸುತ್ತಿದ್ದರು. ವಿಮಾನ ನೆತ್ತಿಯ ಮೇಲೆ ಬಂದಾಗಿನಿಂದ ಸದ್ದು ಬಂದು ಬಡಿಯುವ ತನಕ ಎಣಿಸಬೇಕು. ಅದರಿಂದ ಎತ್ತರ ಕಂಡುಹಿಡಿಯಬೇಕು.

"ಎಷ್ಟು ಎಣಿಸಿದಿ?"

"ನಾಕು ಸಾರ್."

"ನಾಕಂದ್ರ ನಾಕ? ಹೆದರಿ ಕಣ್ಣು ಮುಚ್ಚಿದಾಗ ಎಣಿಸಿದ್ದು ಬ್ಯಾರೆ, ಬಿಟ್ಟಾಗ ಎಣಿಸಿದ್ದು ಬ್ಯಾರೆ. ಇನ್ನೊಂದ್ ಬರ್ಲಿ ತಡಿ."

ಬೆಲ್ ಆಗಿ ಏಳು ನಿಮಿಷವಾಗಿದೆ ಎಂದು ನಾನು ಹೋಗಿ ಹೇಳಿದರೆ ಒಳ್ಳೆಯ ವಿಷಯ ಕೇಳಿದವರಂತೆ ತಲೆಯಾಡಿಸುತ್ತಿದ್ದರು. ಹೊಸ ಮಕ್ಕಳಿಗೆ ಮೊದಲ ದಿನ ಅವರು ಹೇಳುತ್ತಿದ್ದ ಮಾತು ಒಂದೇ: "ಗಣಿತಕ್ಕ ಹೆದರಬ್ಯಾಡ್ರಿ. ಅದು ಕಚ್ಚಂಗಿಲ್ಲ. ಸುಮ್ಮನ ನಿಂತು ನಿಮ್ಮನ್ನ ನೋಡತೈತಿ."

ಶಾಲೆಯ ಮುಂದೆ ದೊಡ್ಡ ರಸ್ತೆ. ನಮ್ಮ ಅರ್ಧದಷ್ಟು ಮಕ್ಕಳು ಆಚೆ ಕಡೆಯವರು, ಅಮೃತಹಳ್ಳಿಯಿಂದ ಬರುವವರು. ದಾಟುವ ಜಾಗದಲ್ಲಿ ಸಿಗ್ನಲ್ ಇತ್ತು. ನಡೆಯುವವರಿಗೆ ಹಸಿರು ದೀಪ ಹದಿನಾಲ್ಕು ಸೆಕೆಂಡು ಉರಿಯುತ್ತಿತ್ತು. ಓಡಿದರೆ ಮಾತ್ರ ಆಗುವಷ್ಟು. ಒಂಬತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರದ ಪಾಠ ಬಂದ ವಾರ ಮೇಷ್ಟ್ರು ಪಿ.ಟಿ. ಮಾಸ್ತರರಿಂದ ನಾಲ್ಕು ಸ್ಟಾಪ್‌ವಾಚ್ ಇಸಿದುಕೊಂಡು ಮಕ್ಕಳನ್ನು ಆ ರಸ್ತೆಯ ಅಂಚಿಗೆ ಕರೆದೊಯ್ದರು. ಒಂದು ವಾರ, ದಿನಕ್ಕೆ ಒಂದು ಅವಧಿ. ಯಾರು ದಾಟಿದರೂ ಸಮಯ ಬರೆದುಕೊಳ್ಳಬೇಕು. ಸುಮಾರು ವಯಸ್ಸು, ಕೈಯಲ್ಲಿ ಹೊರೆ ಇದೆಯೋ ಇಲ್ಲವೋ, ಅದೂ ಬರೆಯಬೇಕು. ನೂರಾ ಇಪ್ಪತ್ತು ಜನರ ಲೆಕ್ಕ ಸೇರಿತು.

ಆ ತರಗತಿಯಲ್ಲಿ ಶಾಹಿನಾ ಎಂಬ ಹುಡುಗಿ ಇದ್ದಳು. ಚುರುಕು. ಅವಳ ತಂದೆಯ ತಾಯಿ, ಅವಳ ಬಾಯಲ್ಲಿ ದಾದಿ, ದಿನಾ ಸಂಜೆ ಅವಳನ್ನು ಕರೆದೊಯ್ಯಲು ಬರುತ್ತಿದ್ದರು. ಮೊಣಕಾಲು ನೋವಿನ ಮುದುಕಿ. ರಸ್ತೆ ದಾಟಲು ಭಯ. ಆಚೆ ಕಡೆಯೇ ಒಂದು ಔಷಧಿ ಅಂಗಡಿಯ ನೆರಳಿನಲ್ಲಿ ನಿಂತು ಕಾಯುತ್ತಿದ್ದರು. ಹುಡುಗಿಯೇ ಈಚೆಯಿಂದ ಹೋಗಬೇಕು.

"ನಮ್ ದಾದೀದೂ ಬರೀಬೇಕು ಸಾರ್" ಎಂದು ಅವಳು ಹಟ ಹಿಡಿದಳಂತೆ. "ಅವರೂ ಮನುಷ್ಯರೇ ತಾನೆ."

"ಅವರ ಬೇಕವ್ವಾ ನನಗ. ಹೋಗಿ ಕರಕೊಂಡ್ ಬಾ" ಎಂದರಂತೆ ಮೇಷ್ಟ್ರು.

ಮೇಷ್ಟ್ರು ನಡುರಸ್ತೆಯಲ್ಲಿ ಎರಡೂ ಕೈ ಅಗಲಿಸಿ ವಾಹನ ತಡೆದು ನಿಂತರು. ಹುಡುಗಿ ಅಜ್ಜಿಯ ಕೈ ಹಿಡಿದು ದಾಟಿಸಿದಳು. ಮೂವತ್ತೆಂಟು ಸೆಕೆಂಡು. ಕೋಷ್ಟಕದಲ್ಲಿ ಅದೇ ಕೊನೆಯ ಸಾಲು, ಅದೇ ಎಲ್ಲಕ್ಕಿಂತ ದೊಡ್ಡ ಅಂಕಿ. ಅದನ್ನು ಹುಡುಗಿ ತನ್ನ ಕೈಯಾರೆ ಬರೆದಳು.

ಸಿಗ್ನಲ್ ಸಮಯ ಹೆಚ್ಚಿಸಬೇಕೆಂದು ಸಂಬಂಧಪಟ್ಟ ಕಚೇರಿಗೆ ಬರೆಯುವುದೆಂದಾಯಿತು. ಶನಿವಾರ ಮಧ್ಯಾಹ್ನ ಮೇಷ್ಟ್ರು ಪತ್ರ ತಂದರು.

"ಇದೇನು ಮೇಷ್ಟ್ರೇ, ಮೂರು ಹಾಳೆ?"

"ಮೊದಲನೇದು ಕಾಗದ್ರಿ. ಉಳಿದ ಎರಡು ಕೋಷ್ಟಕ."

"ಇಷ್ಟನ್ನ ಯಾರು ಓದ್ತಾರೆ? ಸರಾಸರಿ ಎಷ್ಟು ಬಂತು?"

"ಇಪ್ಪತ್ತೊಂದು ಸೆಕೆಂಡ್ರಿ."

"ಅದನ್ನ ಬರೀರಿ. ಸಾಕು."

ಅವರು ಹೋಗಲಿಲ್ಲ. ಗೆರೆ ಬರೆದ ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟರು. "ಬಾಯಾರ, ಸರಾಸರಿ ಅನ್ನಾಂವ ಯಾರೂ ಇಲ್ರಿ. ಆ ಹೆಸರಿನ ಮನಷ್ಯಾ ರಸ್ತೆ ದಾಟಂಗಿಲ್ಲ. ದಾಟೂದು ಈ ಮುದುಕಿ."

"ಒಂದು ಕಾಗದ, ಒಂದು ಕೋರಿಕೆ, ಒಂದು ಅಂಕಿ. ಹಾಗಿದ್ರೆ ಕೆಲಸ ಆಗತ್ತೆ. ನಾನು ಮೂವತ್ತು ವರ್ಷದಿಂದ ಆಫೀಸುಗಳಿಗೆ ಬರೀತಿದೀನಿ."

ಪಿನ್ನು ತೆಗೆದು ಎರಡು ಹಾಳೆಗಳನ್ನು ಬೇರೆ ಮಾಡಿದವಳು ನಾನು. ಅವನ್ನು ನನ್ನ ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದೆ. ಸರಾಸರಿಯನ್ನು ಪತ್ರದೊಳಗೆ ಬರೆಸಿದೆ. ಕೆಳಗೆ ಇಬ್ಬರೂ ಸಹಿ ಮಾಡಿದೆವು. ಸಹಿ ಮಾಡುವಾಗ ಅವರು "ಆತ್ರಿ" ಎಂದರು.

ನಾನು ಹೇಳಿದಂತೆಯೇ ಕೆಲಸ ಆಯಿತು. ತಿಂಗಳೊಳಗೆ ಹಸಿರು ದೀಪ ಇಪ್ಪತ್ತೆರಡು ಸೆಕೆಂಡಿಗೆ ಏರಿತು. ಒಬ್ಬ ಅಧಿಕಾರಿ ಶಾಲೆಗೆ ಬಂದು ಮಕ್ಕಳನ್ನು ಹೊಗಳಿದರು. ನೀವು ಕೇಳಿದ್ದಕ್ಕಿಂತ ಒಂದು ಸೆಕೆಂಡು ಜಾಸ್ತಿಯೇ ಕೊಟ್ಟಿದ್ದೇವೆ ಎಂದು ನಕ್ಕರು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಎಲ್ಲರಿಗೂ ಹೇಳಿದೆ: "ನಿಮ್ಮ ಲೆಕ್ಕ ನೋಡಿ ಸರ್ಕಾರ ಸಿಗ್ನಲ್ ಬದಲಾಯಿಸಿದೆ. ಇನ್ನು ಧೈರ್ಯವಾಗಿ ದಾಟಬಹುದು." ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಟ್ಟಲಿಲ್ಲ.

ಅದೇ ದಿನ ಊಟದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದರು. "ಇಪ್ಪತ್ತೆರಡು ಸಾಲಂಗಿಲ್ರಿ. ಆ ಕೋಷ್ಟಕ ಹಚ್ಚಿ ಇನ್ನೊಂದು ಕಾಗದ ಕಳಸೂಣ್ರಿ."

"ಹೊಗಳಿ ಹೋಗಿ ಎರಡು ದಿನ ಆಗಿಲ್ಲ. ಈಗಲೇ ಸಾಲದು ಅಂದ್ರೆ ಚೆನ್ನಾಗಿರಲ್ಲ. ಪರೀಕ್ಷೆ ಮುಗೀಲಿ."

ಪರೀಕ್ಷೆ ಮುಗಿಯಲು ಒಂಬತ್ತು ದಿನವಿತ್ತು. ಆರನೆಯ ದಿನ, ಸಂಜೆ ನಾಲ್ಕಕ್ಕೆ ಸ್ವಲ್ಪ ಮುಂಚೆ, ಶಾಹಿನಾಳ ದಾದಿ ಹಸಿರು ದೀಪ ನೋಡಿ ಒಬ್ಬರೇ ರಸ್ತೆಗೆ ಇಳಿದರು. ಅಷ್ಟು ವರ್ಷ ಆಚೆ ಕಡೆಯೇ ನಿಂತಿದ್ದವರು. ಮುಕ್ಕಾಲು ಭಾಗ ದಾಟಿದ್ದರು. ದೀಪ ಬದಲಾಯಿತು. ಬಸ್ಸಿನ ಮರೆಯಲ್ಲಿದ್ದ ನೀರಿನ ಟ್ಯಾಂಕರಿನವನಿಗೆ ಅವರು ಕಾಣಲಿಲ್ಲ. ಮಕ್ಕಳು ಪರೀಕ್ಷೆ ಬರೆಯುತ್ತಿದ್ದರು. ಸದ್ದು ನಮಗೆ ಕೇಳಿಸಿತು. ನಾನು ಗೇಟು ಹಾಕಿಸಿದೆ.

ಅವರನ್ನು ರಸ್ತೆಗೆ ಇಳಿಸಿದವಳು ಮೊಮ್ಮಗಳೇ ಎಂದು ಆಮೇಲೆ ತಿಳಿಯಿತು. "ಇನ್ಮೇಲೆ ನೀನೇ ಗೇಟ್ ಹತ್ರ ಬಾ ದಾದಿ, ನಮ್ ಕ್ಲಾಸೇ ಲೆಕ್ಕ ಹಾಕಿ ಟೈಮ್ ಇಡಿಸಿರೋದು" ಎಂದಿದ್ದಳಂತೆ. ತಾನು ಬರೆದ ಮೂವತ್ತೆಂಟನ್ನು ದೊಡ್ಡವರು ನೋಡಿದ್ದಾರೆ, ನೋಡಿಯೇ ಸಮಯ ಇಟ್ಟಿದ್ದಾರೆ ಎಂದು ಅವಳು ತಿಳಿದಿದ್ದಳು. ಹದಿನಾಲ್ಕು ವರ್ಷದ ಹುಡುಗಿ ಇನ್ನೇನು ತಿಳಿಯಬೇಕು.

ಅಜ್ಜಿ ತೀರಿಕೊಂಡ ಐದನೆಯ ದಿನ ಅವಳ ತಂದೆ ಶಾಲೆಗೆ ಬಂದರು. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಬಳಿ ಕೆಲಸ ಮಾಡುತ್ತಿದ್ದ ಮನುಷ್ಯ. ಜೊತೆಗೆ ಅವರ ಬೀದಿಯ ಆರೇಳು ಜನ. ಕೂಗಾಡಲಿಲ್ಲ. ನನ್ನ ಮೇಜಿನ ಮುಂದೆ ನಿಂತು ಕೇಳಿದರು.

"ಇಷ್ಟೇ ಸಾಕು ಅಂತ ಯಾರು ಬರೆದು ಕೊಟ್ಟಿದ್ದು ಮೇಡಂ? ಅಷ್ಟು ಹೇಳಿ."

ನಾನು ಬಾಯಿ ತೆರೆಯುವ ಮುಂಚೆ ಮೇಷ್ಟ್ರು ಮುಂದೆ ಬಂದರು. "ನಾನ್ರಿ. ಲೆಕ್ಕ ನಂದು, ಬರದಾಂವ ನಾನು, ತಪ್ಪೂ ನಂದ."

"ಅಮ್ಮಂಗೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಿತ್ತಲ್ಲ. ನೀವೇ ಅಳೆದಿದ್ರಂತೆ."

"ಗೊತ್ತಿತ್ರಿ."

"ಗೊತ್ತಿದ್ದೂ ಬರೀಲಿಲ್ಲ."

"ಬರೀಲಿಲ್ರಿ."

ಖಾನೆಯ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿತ್ತು. ಹಾಳೆಗಳು ಮೂರು ಅಡಿ ದೂರದಲ್ಲಿದ್ದವು. ನಾನು ಖಾನೆ ತೆರೆಯಲಿಲ್ಲ. ಅವರೆಲ್ಲ ಹೋದ ಮೇಲೆ ಹೀಗೇಕೆ ಹೇಳಿದಿರಿ ಎಂದು ಕೇಳಿದೆ. "ನಿಮ್ಮ ಮ್ಯಾಲೆ ಬಂದ್ರ ಸಾಲಿ ಮ್ಯಾಲೆ ಬಂದಂಗ್ರಿ. ಆ ಕಡೆ ಮಕ್ಕಳನ್ನೆಲ್ಲ ಬಿಡಿಸಿಬಿಡ್ತಾರ. ನನ್ನ ಮ್ಯಾಲೆ ಬಂದ್ರ ಒಬ್ಬ ಮಾಸ್ತರನ ಮ್ಯಾಲೆ ಬಂದಂಗ" ಎಂದರು. ನನಗೆ ಅದು ಸರಿಯಾದ ಮಾತೆನಿಸಿತು. ಬೇಕಾಗಿದ್ದ ಮಾತಾಗಿತ್ತು, ಅದಕ್ಕೇ ಸರಿಯೆನಿಸಿತು ಎಂದು ಈಗ ಬರೆಯಬಲ್ಲೆ.

ಆಡಳಿತ ಮಂಡಳಿ ವಿವರಣೆ ಕೇಳಿತು. ಪದ್ಧತಿಯಂತೆ ನಾನು ಅವರಿಗೆ ಮೆಮೊ ಕೊಟ್ಟೆ. ಅನುಮತಿಯಿಲ್ಲದೆ ಮಕ್ಕಳನ್ನು ಶಾಲೆಯ ಆವರಣದಿಂದ ಹೊರಗೆ ಕರೆದೊಯ್ಯತಕ್ಕದ್ದಲ್ಲ. ಒಂದೇ ವಾಕ್ಯ. ಅನುಮತಿ ಕೊಟ್ಟಿದ್ದವಳು ನಾನೇ. ಅವರು ಓದಿ, ಪ್ರತಿಗೆ ಸಹಿ ಮಾಡಿ, ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು. ಅಡಿಪಟ್ಟಿಯನ್ನು ಮುಟ್ಟಲಿಲ್ಲ. ಆ ದಿನದಿಂದ ಅವರ ಬೆರಳಿನ ಮೇಲೆ ಗೆರೆ ಕಾಣಲಿಲ್ಲ.

ತರಗತಿಯಿಂದ ಹೊರಗೆ ಹೋಗುವುದನ್ನು ಅವರು ಪೂರ್ತಿ ನಿಲ್ಲಿಸಿದರು. ಆವರಣದೊಳಗೂ ಹೋಗಲಿಲ್ಲ. ಬೆಲ್ಲಿಗೆ ಸರಿಯಾಗಿ ಒಳಗೆ, ಬೆಲ್ಲಿಗೆ ಸರಿಯಾಗಿ ಹೊರಗೆ. ಸೂತ್ರ, ಉದಾಹರಣೆ, ಅಭ್ಯಾಸ. ಹಳೆಯ ಪ್ರಶ್ನೆಪತ್ರಿಕೆಗಳು. ಫಲಿತಾಂಶ ಮೇಲೇರಿತು. ಪೋಷಕರ ಸಭೆಯಲ್ಲಿ ಗಣಿತದ ಬಗ್ಗೆ ದೂರು ಬರುವುದು ನಿಂತಿತು. ಶಾಲೆ ಗಡಿಯಾರದಂತೆ ನಡೆಯಿತು. ಮಕ್ಕಳು ಅವರ ಮಾತನ್ನು ಅಣಕಿಸುವುದನ್ನೂ ಬಿಟ್ಟರು. ಅಣಕಿಸಲು ಅವರು ಪಾಠದ ಹೊರತು ಮಾತನ್ನೇ ಆಡುತ್ತಿರಲಿಲ್ಲ.

ಮುಂದಿನ ವರ್ಷ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಾದಾಗ ಅವರು ಒಂದು ಉತ್ತರಪತ್ರಿಕೆ ಹಿಡಿದು ಬಂದರು. ಶಾಹಿನಾಳದು.

"ಬಾಯಾರ, ಎಲ್ಲಾ ಸರಿ ಬರದಾಳ. ಸಂಖ್ಯಾಶಾಸ್ತ್ರದ್ದು ಅಷ್ಟೂ ಖಾಲಿ ಬಿಟ್ಟಾಳ."

"ಪಾಸಾಗೋಷ್ಟು ಬಂದಿದೆಯಲ್ಲ ಮೇಷ್ಟ್ರೇ."

"ಪಾಸಾಗ್ತಾಳ್ರಿ. ಬರಾಕ ಬರತೈತಿ, ಬರಿಯವಲ್ಲಳು. ತನ್ನ ಲೆಕ್ಕದಿಂದ ಆತು ಅಂತ ಕುಂತಾಳ. ತಪ್ಪು ನಂದು ಅಂತ ನಾ ಹೇಳಿದ್ರ ತಲಿ ಆಡಸ್ತಾಳ, ನಂಬಂಗಿಲ್ಲ. ನೀವೊಂದ್ ಮಾತು ಹೇಳಿದ್ರ..."

ಯಾವ ಮಾತು ಎಂದು ಅವರು ಬಿಡಿಸಿ ಹೇಳಲಿಲ್ಲ. ನಾನು ಕೇಳಲಿಲ್ಲ. ನೋಡೋಣ ಎಂದೆ. ಆ ಮಾರ್ಚಿಗೆ ಹುಡುಗಿ ಶಾಲೆ ಮುಗಿಸಿ ಹೋದಳು.

ನಾನು ನಿವೃತ್ತಳಾದೆ. ಮರುವರ್ಷ ಅವರೂ ಆದರು. ಜಾಲಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು. ಅವರ ಎರಡೂ ಮೂತ್ರಪಿಂಡ ಕೆಟ್ಟಿವೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದು ಕೇಳಿ ಒಂದು ಬೆಳಿಗ್ಗೆ ಹೋಗಿ ಬಂದೆ. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಆ ವಿಷಯ ಎತ್ತಬೇಕೆಂದೇ ನಾನು ಹೋಗಿದ್ದೆ. ಅರ್ಧ ಗಂಟೆ ಪಿಂಚಣಿಯ ಕಡತ, ಮಂಡಿನೋವು, ಬಸ್ಸುಗಳ ವಿಷಯ ಮಾತಾಡಿದೆ. ಏಳುವಾಗ ಅವರೇ ಅಂದರು.

"ಬಾಯಾರ, ಆ ಎರಡು ಹಾಳಿ ಇನ್ನೂ ಅದಾವೇನ್ರಿ?"

"ನನ್ನ ಹತ್ರನೇ ಇವೆ."

"ಆ ಹಾಳಿ ವಿಷಯ ಇಬ್ಬರಿಗೇ ಗೊತ್ತೈತ್ರಿ. ನಾ ಹೋದ ಮ್ಯಾಲೆ ಒಬ್ಬರಿಗೇ ಆಗತೈತಿ. ಒಬ್ಬರ ಕಡೆ ಇದ್ರ ಅದು ಉಳಿಯಂಗಿಲ್ಲ."

ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಹೋಮ್‌ವರ್ಕ್ ನೆನಪಿಸಿದ ಹಾಗೆ ಹೇಳಿದರು. ನಾನು "ಆರೋಗ್ಯ ನೋಡ್ಕೊಳ್ಳಿ ಮೇಷ್ಟ್ರೇ" ಎಂದು ಹೇಳಿ ಬಂದೆ. ಎರಡು ತಿಂಗಳಿಗೆ ಅವರು ತೀರಿಕೊಂಡರು. ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ನನ್ನನ್ನು ಮಾತಾಡಲು ಕರೆದರು. ಅವರ ಸಮಯಪಾಲನೆಯ ಬಗ್ಗೆ ಮೂರು ನಿಮಿಷ ಮಾತಾಡಿ ಕುಳಿತೆ. ಮನೆಗೆ ಬಂದು ಬೀರುವಿನಿಂದ ಆ ಎರಡು ಹಾಳೆಗಳನ್ನು ಹೊರಗೆ ತೆಗೆದಿಟ್ಟೆ.

ಮರುದಿನ ಹಾಳೆಗಳನ್ನು ತೆಗೆದುಕೊಂಡು ಅಮೃತಹಳ್ಳಿಗೆ ಹೋದೆ. ಮಹಡಿಯ ಮೇಲಿನ ಮನೆ, ಹೊರಗಿನಿಂದ ಕಡಿದಾದ ಮೆಟ್ಟಿಲು. ಶಾಹಿನಾ ಈಗ ಹೆಬ್ಬಾಳದ ಕಡೆ ಒಂದು ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ಅಂದು ರಜೆ. ತಂದೆಯೂ ಇದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿದೆ. ಕುರ್ಚಿ ಕೊಟ್ಟರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಿನ್ನು ತೆಗೆದದ್ದು, ಖಾನೆಗೆ ಹಾಕಿದ್ದು, ಪರೀಕ್ಷೆ ಮುಗೀಲಿ ಎಂದದ್ದು, ಮೇಷ್ಟ್ರು ತೀರಿಕೊಂಡದ್ದು. ಹಾಳೆಗಳನ್ನು ಮುಂದಿಟ್ಟೆ.

ಶಾಹಿನಾ ತನ್ನ ಅಕ್ಷರ ನೋಡಿದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದು ಹೋಗೇ ಇರ್ಲಿಲ್ವಾ ಮೇಡಂ?"

"ಇಲ್ಲ ಕಣಮ್ಮ. ನಾನು ಕಳಿಸಲಿಲ್ಲ."

"ತಪ್ಪು ನಂದು ಅಂತ ಸಾರ್ ಎಷ್ಟು ಸಲ ಹೇಳಿದ್ರು. ನಾನು ನಂಬ್ಲಿಲ್ಲ. ಅವರು ಹಾಗೇ ಅಲ್ವಾ, ಯಾರೇ ಏನ್ ಮಾಡಿದ್ರೂ ತಮ್ ಮೇಲೆ ಹಾಕ್ಕೊಳ್ಳೋರು. ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ನಾನೇ ದಾದಿನ..." ಅವಳು ನಿಲ್ಲಿಸಿದಳು. "ನೀವು ಹೇಳಿದ್ರೆ ನಂಬ್ತಿದ್ದೆ ಮೇಡಂ. ನೀವು ಸುಮ್ ಸುಮ್ನೆ ಏನೂ ಹೇಳೋರಲ್ಲ."

ತಂದೆ ನೆಲ ನೋಡುತ್ತಿದ್ದರು.

"ನಾಕು ತಿಂಗಳ ಹಿಂದೆ ಆ ಮೇಷ್ಟ್ರು ಇಲ್ಲಿಗೆ ಬಂದಿದ್ರು" ಎಂದರು. "ಆಟೋದಲ್ಲಿ. ಕೈಗೆ ಬ್ಯಾಂಡೇಜು. ಬಾಗಿಲು ತಟ್ಟಿದ್ರು. ಕಿಟಕಿಯಿಂದ ನೋಡಿ, ತೆಗೀಬೇಡಿ ಅಂತ ನಾನೇ ಹೇಳ್ದೆ. ಹೊರಗೆ ಕೂತ್ಕೊಂಡ್ರು. ಮಗಳತ್ರ ಒಂದ್ ಮಾತಾಡ್ಬೇಕು ಅಂತ ಎರಡು ಸಲ ಅಂದ್ರು. ಆಮೇಲೆ ಹೋದ್ರು."

"ಒಂದೂಕಾಲು ಗಂಟೆ ಕೂತಿದ್ರು" ಎಂದಳು ಶಾಹಿನಾ.

"ನೀವು ಆವತ್ತೇ ಹೇಳಿದ್ರೆ ನಾನು ತೆಗೀತಿದ್ದೆ" ಎಂದರು ತಂದೆ. ಸಿಟ್ಟಿರಲಿಲ್ಲ. "ಈಗ ನಾನೇನ್ ಮಾಡ್ಲಿ, ಹೇಳಿ."

ನಾನು ಎದ್ದೆ. ಯಾರೂ ಕೂತ್ಕೊಳ್ಳಿ ಎನ್ನಲಿಲ್ಲ. ಶಾಹಿನಾ ಬಾಗಿಲ ತನಕ ಬಂದಳು. ನನ್ನ ಕೈ ಹಿಡಿಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಮೇಷ್ಟ್ರು ಎಲ್ಲಿ ಕೂತಿದ್ದರು ಎಂದು ನಾನೇ ಕೇಳಿದೆ. ಮೇಲಿನಿಂದ ಮೂರನೆಯ ಮೆಟ್ಟಿಲು ತೋರಿಸಿ "ಇಲ್ಲಿ" ಎಂದಳು.

ಇಳಿಯಲು ಇದ್ದದ್ದು ಅದೊಂದೇ ದಾರಿ. ಗೋಡೆ ಹಿಡಿದುಕೊಂಡು, ಅದನ್ನು ತುಳಿದೇ ಇಳಿದೆ.